ಜಗಲಿಯ ಪಾಠ, ಸ್ಮಶಾನದ ಓದು

ಡಿ.ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ಯನ್ನು ನಾವು ಸಾಮಾನ್ಯವಾಗಿ ದೊಡ್ಡವರ ನೆನಪುಗಳ ಸಂಗ್ರಹವೆಂದು ಓದುತ್ತೇವೆ. ಎಂಟು ಸಂಪುಟಗಳ ಈ ಬರಹವನ್ನು ‘ಮನುಷ್ಯ ಹೇಗೆ ಕಲಿಯುತ್ತಾನೆ’ ಎಂಬ ಪ್ರಶ್ನೆಗೆ ಕೊಟ್ಟ ಉತ್ತರವೆಂದು ಓದಿದರೆ ಅದರ ಬಲವೂ ಮಿತಿಯೂ ಬೇರೆಯಾಗಿ ಕಾಣುತ್ತವೆ.

ಡಿವಿಜಿ (1887–1975) ಕಾಲೇಜು ಪದವಿ ಪಡೆದವರಲ್ಲ. ವೇದಾಂತವನ್ನು ಅವರು ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳ ಬಳಿ ಕೂತು ಕಲಿತರು. ರಾಜಕಾರಣವನ್ನು ಪತ್ರಿಕೆ ನಡೆಸುತ್ತಾ ಕಲಿತರು. 1945ರಲ್ಲಿ ಬಸವನಗುಡಿಯ ಬಳಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಇದೇ ನಂಬಿಕೆಯದು: ತಿಳಿದವರ ಜೊತೆ ಕೂತು, ಓದಿ, ಮಾತಾಡಿದರೆ ತಿಳಿವು ಬರುತ್ತದೆ. ‘ಚಿತ್ರಶಾಲೆ’ಯಲ್ಲಿ ವಿದ್ಯೆಯೆಂದರೆ ಹೆಚ್ಚಾಗಿ ಸಹವಾಸ. ಸಂಗೀತಗಾರರು, ವೈದಿಕರು, ದಿವಾನರು ತಮ್ಮ ನಡವಳಿಕೆಯಿಂದಲೇ ಪಾಠ ಹೇಳುತ್ತಾರೆ.

ಇದು ಪಂಡಿತರಿಗಷ್ಟೇ ಸೇರಿದ ಕ್ರಮವಲ್ಲ. ಮಾಮೂಲ್‌ಪೇಟೆಯ ಸಗಟು ಅಂಗಡಿಗೆ ಕೆಲಸಕ್ಕೆ ಸೇರಿದ ಹುಡುಗ ಮಾಲಿನ ಗುಣ, ಗಿರಾಕಿಯ ಮನಸ್ಸು, ಸಾಲದ ಲೆಕ್ಕ ಎಲ್ಲವನ್ನೂ ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯುತ್ತಾನೆ. ಆದರೆ ಪಕ್ಕದಲ್ಲಿ ನಿಲ್ಲಲು ಬಿಡುವವರು ಯಾರು, ಯಾರನ್ನು? ಈ ಪ್ರಶ್ನೆ ‘ಚಿತ್ರಶಾಲೆ’ಯಲ್ಲಿ ಮುಖ್ಯವಾಗುವುದಿಲ್ಲ.

ಅದನ್ನು ಮುಖ್ಯವಾಗಿಸಿದ ಪುಸ್ತಕ ಸಿದ್ಧಲಿಂಗಯ್ಯನವರ ‘ಊರುಕೇರಿ’. ಮಾಗಡಿ ಕಡೆಯ ಮಂಚನಬೆಲೆಯಿಂದ ಬಂದ ಆ ಹುಡುಗ ಬೆಳೆದದ್ದು ಮಲ್ಲೇಶ್ವರದ ಮಗ್ಗುಲಿನ ಶ್ರೀರಾಮಪುರದಲ್ಲಿ. ಸದ್ದುಗದ್ದಲವಿಲ್ಲದ ಓದಿನ ಜಾಗವಾಗಿ ಅವನಿಗೆ ಒದಗಿದ್ದು ಸ್ಮಶಾನ. ಡಿವಿಜಿ ತೀರಿಕೊಂಡ 1975ರಲ್ಲೇ ‘ಹೊಲೆಮಾದಿಗರ ಹಾಡು’ ಪ್ರಕಟವಾಯಿತು. ಒಂದೇ ನಗರ, ನಡುವೆ ಕೆಲವೇ ಮೈಲಿ ದೂರ. ಆದರೂ ಕಲಿಕೆಯ ಎರಡು ಲೋಕಗಳು.

ಇಲ್ಲಿ ನಮ್ಮ ವಿಮರ್ಶೆ ಒಂದು ಸುಲಭದ ದಾರಿ ಹಿಡಿಯುತ್ತದೆ: ಡಿವಿಜಿಯದು ಪರಂಪರೆ, ಸಿದ್ಧಲಿಂಗಯ್ಯನವರದು ಅನುಭವ. ಕೇಳಲು ಗೌರವದ ಮಾತೇ. ಅದರ ಫಲ ಮಾತ್ರ ಬೇರೆ. ನಾನು ಕೂತ ಸೆಮಿನಾರುಗಳಲ್ಲಿ ಡಿವಿಜಿಯನ್ನು ವಿಚಾರಕ್ಕಾಗಿ ಉದ್ಧರಿಸುತ್ತಾರೆ, ಸಿದ್ಧಲಿಂಗಯ್ಯನವರನ್ನು ಸಾಕ್ಷ್ಯಕ್ಕಾಗಿ. ಒಬ್ಬರು ಯೋಚಿಸಿದವರು, ಇನ್ನೊಬ್ಬರು ಅನುಭವಿಸಿದವರು ಎಂಬ ಈ ಹಂಚಿಕೆ ಹಳೆಯ ಜಗಲಿಯನ್ನೇ ಪ್ರಬಂಧದೊಳಗೆ ಮತ್ತೆ ಕಟ್ಟುತ್ತದೆ.

‘ಊರುಕೇರಿ’ಯ ಮೊದಲಲ್ಲಿ ನೊಗಕ್ಕೆ ಹೆಗಲು ಕೊಟ್ಟು ಉಳುತ್ತಿರುವ ಮನುಷ್ಯರನ್ನು ಮಗು ನೋಡುತ್ತದೆ, ಅವರಲ್ಲೊಬ್ಬ ಅಪ್ಪ. ಕಣ್ಣಿಗೆ ಬಿದ್ದದ್ದು ನೊಗ ಮತ್ತು ಹೆಗಲು. ಅದು ವಿಧಿಯಲ್ಲ, ವ್ಯವಸ್ಥೆ ಎಂದು ತಿಳಿಯಲು ಬರೀ ಕಣ್ಣು ಸಾಲದು. ಹಾಸ್ಟೆಲು, ಪುಸ್ತಕ, ಭಾಷಣ, ಗೆಳೆಯರ ವಾದ, ಅಂಬೇಡ್ಕರ್ ಎಲ್ಲವೂ ಬೇಕಾದವು. ಅಂದರೆ ಸಿದ್ಧಲಿಂಗಯ್ಯನವರ ಅರಿವೂ ಇತರರ ಮಾತಿನ ಮೂಲಕ ಬಂದದ್ದೇ. ಅದಕ್ಕೆ ಅವರು ಸೇರಿಸಿದ್ದು ನಗು. ದೊಡ್ಡ ಮಾತನ್ನೂ ತಮ್ಮನ್ನೂ ಒಟ್ಟಿಗೇ ಗೇಲಿಗೆ ಒಡ್ಡಿ, ಉಳಿದದ್ದನ್ನು ನಂಬುವ ಆ ನಗು ಒಂದು ಪರೀಕ್ಷಾ ವಿಧಾನ. ಅದನ್ನು ಬರೀ ‘ಹಾಸ್ಯಪ್ರಜ್ಞೆ’ ಎಂದು ಮೆಚ್ಚಿ ಮುಂದೆ ಹೋಗುವುದು ಅನ್ಯಾಯ.

ನ್ಯಾಯದರ್ಶನದಲ್ಲಿ ಆಪ್ತನ ಮಾತು ಪ್ರಮಾಣ. ಆಪ್ತನೆಂದರೆ ವಿಷಯವನ್ನು ನೇರವಾಗಿ ತಿಳಿದು, ತಿಳಿದಂತೆ ಹೇಳಬಯಸುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಭಾಷ್ಯಕಾರ ವಾತ್ಸ್ಯಾಯನ ಸ್ಪಷ್ಟವಾಗಿ ಹೇಳುತ್ತಾನೆ. ಬಾಗಿಲು ಹಾಕಿದ್ದು ಈ ಲಕ್ಷಣವಲ್ಲ, ಸಮಾಜ.

2020ರ ಶಿಕ್ಷಣ ನೀತಿಯ ನಂತರ ‘ಭಾರತೀಯ ಜ್ಞಾನ ಪರಂಪರೆ’ ಪಠ್ಯಕ್ರಮಗಳಿಗೆ ಬರುತ್ತಿದೆ. ಬರಲಿ. ಅಲ್ಲಿ ‘ಚಿತ್ರಶಾಲೆ’ಯನ್ನು ಓದಿಸುವವರು ಪಕ್ಕದಲ್ಲೇ ‘ಊರುಕೇರಿ’ಯನ್ನೂ ಇಡಬೇಕು, ಅದೂ ನೋವಿನ ದಾಖಲೆಯಾಗಿ ಅಲ್ಲ, ಆಪ್ತವಾಕ್ಯವಾಗಿ. ಆಗ ಡಿವಿಜಿಯನ್ನೂ ಭಕ್ತಿ ಬಿಟ್ಟು ಪ್ರಶ್ನಿಸುತ್ತಾ ಓದಲು ನಮಗೆ ಸಾಧ್ಯವಾದೀತು.