ಮೌನವೂ ದಾಸೋಹವೂ

ಮೌನವು ಜ್ಞಾನಕ್ಕೆ ದ್ವಾರವೆಂಬುದನ್ನು ಕ್ರೈಸ್ತ ಧ್ಯಾನಿಗಳೂ ನಮ್ಮ ಶರಣರೂ ಸಮಾನವಾಗಿ ಒಪ್ಪಿರುವರು. ಆದರೆ ಆ ದ್ವಾರವನ್ನು ಹೊಕ್ಕವನು ಹಸಿದವರ ಕಡೆಗೆ ಮರಳಿ ಬರಬೇಕೆ? ಅನುಭಾವ ಸಾಹಿತ್ಯವನ್ನು ಒರೆಗೆ ಹಚ್ಚಬೇಕಾದುದು ಈ ಪ್ರಶ್ನೆಯಿಂದಲೇ ಎಂದು ನಮ್ಮ ಅಭಿಪ್ರಾಯ.

ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಮರಿಯಳು ಯೇಸುವಿನ ಪಾದಸನ್ನಿಧಿಯಲ್ಲಿ ಸುಮ್ಮನೆ ಕುಳಿತು ಉಪದೇಶವನ್ನು ಕೇಳುತ್ತಾಳೆ. ಅವಳ ಸೋದರಿ ಮಾರ್ಥಳು ಅತಿಥಿಸತ್ಕಾರದಲ್ಲಿ ತೊಳಲುತ್ತಾಳೆ. ಉತ್ತಮ ಭಾಗವನ್ನು ಆರಿಸಿಕೊಂಡವಳು ಮರಿಯಳೆಂಬುದೇ ಯೇಸುವಿನ ತೀರ್ಪು. 14ನೆಯ ಶತಮಾನದ ಇಂಗ್ಲಿಷ್ ಗ್ರಂಥವಾದ, ಕರ್ತೃವಿನ ಹೆಸರು ತಿಳಿಯದ ‘ಕ್ಲೌಡ್ ಆಫ್ ಅನ್‌ನೋಯಿಂಗ್’ ಇದನ್ನೇ ಆಧಾರವಾಗಿ ಹಿಡಿದು ಧ್ಯಾನಜೀವನಕ್ಕೆ ಅಗ್ರಸ್ಥಾನವನ್ನು ಕೊಡುತ್ತದೆ. ಅದೇ ಶತಮಾನದ ಆದಿಯಲ್ಲಿದ್ದ ಜರ್ಮನ್ ಉಪದೇಶಕ ಮೈಸ್ಟರ್ ಎಕ್‌ಹಾರ್ಟನು ಮಾತ್ರ ವಾಚ್ಯಾರ್ಥವನ್ನು ತಿರುವಿಹಾಕಿದನು. ಅವನ ಮತದಲ್ಲಿ ಮರಿಯಳು ಇನ್ನೂ ಕಲಿಯುತ್ತಿರುವವಳು. ಕೆಲಸದ ನಡುವೆಯೂ ಅಂತರಂಗ ಕದಡದ ಮಾರ್ಥಳೇ ಪಕ್ವಳು.

15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯು ಇದೇ ಸಮಸ್ಯೆಯನ್ನು ಸನ್ನಿವೇಶಗಳ ಮೂಲಕ ಬಿಡಿಸುತ್ತದೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮಪ್ರಭುವು ಕೆಣಕಿ, ಹೊರಗಿನ ಕರ್ಮದಿಂದ ಒಳಗಿನ ಅರಿವಿನೆಡೆಗೆ ತಿರುಗಿಸುತ್ತಾನೆ. ಇಲ್ಲಿಗೇ ಗ್ರಂಥವು ಮುಗಿದಿದ್ದರೆ ಮರಿಯಳ ಪಕ್ಷವೇ ಗೆದ್ದಂತಾಗುತ್ತಿತ್ತು. ಆದರೆ ಮುಂದೆ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯಲ್ಲಿ, ಜಂಗಮರಿಗೆಂದು ಅಣಿಯಾದ ಅಡಿಗೆಯನ್ನೆಲ್ಲ ಪ್ರಭುವೊಬ್ಬನೇ ಆರೋಗಿಸುತ್ತಾನೆ. ಮುನಿದ ಜಂಗಮರಿಗೂ ಅದರಿಂದಲೇ ತೃಪ್ತಿಯಾಗುತ್ತದೆ. ಬಯಲನ್ನು ಬೋಧಿಸಿದವನು ದಾಸೋಹದ ಎಡೆಗೆ ಬಂದು ಕುಳಿತನೆಂಬುದು ಸಾಮಾನ್ಯ ಸಂಗತಿಯಲ್ಲ.

ಎಕ್‌ಹಾರ್ಟನ ವ್ಯಾಖ್ಯಾನದ ಧೈರ್ಯವು ಮೆಚ್ಚತಕ್ಕುದಾದರೂ ಅವನ ದೃಷ್ಟಿಯೆಲ್ಲ ಮಾರ್ಥಳ ಆತ್ಮಸ್ಥಿತಿಯ ಮೇಲೆಯೇ ನೆಟ್ಟಿದೆ. ಉಣ್ಣುವವರು ಅಲ್ಲಿ ಕಾಣಿಸುವುದಿಲ್ಲ. ಶೂನ್ಯಸಂಪಾದನೆಯಲ್ಲಿಯಾದರೋ ಹಸಿದವರ ಆಕ್ಷೇಪಣೆಗೂ ಸ್ಥಳವುಂಟು. ಈ ಅಂಶದಲ್ಲಿ ನಮ್ಮ ಗ್ರಂಥವೇ ಪೂರ್ಣತರವೆನ್ನಬೇಕು. ಒಂದರಿಂದ ಮತ್ತೊಂದು ಹುಟ್ಟಿತೆಂದು ಊಹಿಸಲು ಮಾತ್ರ ಕಾರಣವಿಲ್ಲ.

ಈ ಸಮನ್ವಯವು ಗ್ರಂಥದಲ್ಲಿಯೇ ಉಳಿಯಲಿಲ್ಲ. ಅರಳಗುಂಡಗಿಯಿಂದ ಕಲಬುರಗಿಗೆ ಬಂದು ನೆಲಸಿ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರು ದಾಸೋಹವನ್ನೇ ಸಾಧನೆಯಾಗಿ ಮಾಡಿಕೊಂಡವರು. ಬೆಳೆಗೆ ಎರಗಿದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ನೀರನ್ನೂ ಇಟ್ಟರೆಂದು ಜನಶ್ರುತಿ. ಇಂದು ಅವರ ದೇವಸ್ಥಾನದ ಗರ್ಭಗೃಹದಲ್ಲಿರುವುದು ಅವರ ಸಮಾಧಿ. ಅದರ ಸನ್ನಿಧಿಯಲ್ಲಿಯೇ ದಾಸೋಹವು ನಡೆದುಬಂದಿದೆ. ಧ್ಯಾನಕ್ಕೂ ಅನ್ನಕ್ಕೂ ಅಲ್ಲಿ ಒಂದೇ ಅಂಗಳ. ಅನುಭಾವ ಗ್ರಂಥಗಳ ಮೌನವನ್ನು ಲೋಕವಿಮುಖತೆಯೆಂದು ತಳ್ಳಿಹಾಕುವ ವಿಮರ್ಶಕರು ಈ ಅಂಗಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಯುಕ್ತ.