ಮೂಢರ ರಂಜನೆಯೇ?

ಐರ್ಲೆಂಡಿನ ಕೆಲ್ಟಿಕ್ ವೀರಕಥೆಗಳಲ್ಲಿ ಅಗ್ರಗಣ್ಯವಾದುದು ‘ಟಾನ್ ಬೋ ಕೂಲ್ನ್ಯ’. 12ನೆಯ ಶತಮಾನದ ‘ಲೆನ್‌ಸ್ಟರ್ ಗ್ರಂಥ’ದಲ್ಲಿರುವ ಅದರ ಪಾಠದ ಕೊನೆಯಲ್ಲಿ ಎರಡು ಟಿಪ್ಪಣಿಗಳಿವೆ. ಐರಿಷ್ ಟಿಪ್ಪಣಿಯು ಕಥೆಯನ್ನು ಮಾರ್ಪಡಿಸದೆ ಕಂಠಸ್ಥ ಮಾಡುವವರನ್ನು ಹರಸುತ್ತದೆ. ಲ್ಯಾಟಿನ್ ಟಿಪ್ಪಣಿಯಾದರೋ ಇದರಲ್ಲಿನ ಕೆಲವು ಸಂಗತಿಗಳು ಮೂಢರ ರಂಜನೆಗಾಗಿಯೇ ಇರುವಂಥವೆಂದು ಹಳಿಯುತ್ತದೆ. ಕಾಳಗದ ಕಥೆಯನ್ನು ಓದಿ ಸುಖಿಸುವವನು ಮೂಢನೇ? ಈ ಪ್ರಶ್ನೆಯನ್ನು ಸಹೃದಯನು ಎದುರಿಸಲೇಬೇಕು.

ರಾಣಿ ಮೇವ್ ಮತ್ತು ಅವಳ ಪತಿ ಐಲಿಲ್ ತಂತಮ್ಮ ಸಂಪತ್ತನ್ನು ಹೋಲಿಸಿ ನೋಡುತ್ತಾರೆ. ಎಲ್ಲವೂ ಸಮಸಮ, ಪತಿಯಲ್ಲಿರುವ ಬಿಳಿಗೊಂಬಿನ ಹೋರಿಗೆ ಮಾತ್ರ ಅವಳಲ್ಲಿ ಸಾಟಿಯಿಲ್ಲ. ಆ ಒಂದು ಕೊರತೆಯನ್ನು ನೀಗಲು, ಅಲ್‌ಸ್ಟರಿನ ಕಂದು ಹೋರಿಗಾಗಿ ಅವಳು ದಂಡೆತ್ತುತ್ತಾಳೆ. ಒಂದೇ ಗುರುವಿನಲ್ಲಿ ಶಸ್ತ್ರವಿದ್ಯೆ ಕಲಿತ ಗೆಳೆಯರಾದ ಕೂಹುಲಿನ್ ಮತ್ತು ಫರ್ಡಿಯಾ ಹೊಳೆಯ ಕಡವಿನಲ್ಲಿ ಎದುರಾಗುತ್ತಾರೆ. ಹಗಲೆಲ್ಲ ಕಾದಾಡಿ, ಮೊದಲ ಇರುಳು ಒಬ್ಬರಿಗೊಬ್ಬರು ಮದ್ದು, ಆಹಾರಗಳನ್ನು ಕಳುಹಿಸುತ್ತಾರೆ. ಮೂರನೆಯ ಇರುಳಿನ ಹೊತ್ತಿಗೆ ಆ ಸೌಹಾರ್ದವೂ ನಿಲ್ಲುತ್ತದೆ. ನಾಲ್ಕನೆಯ ದಿನ ಫರ್ಡಿಯಾ ಮಡಿಯುತ್ತಾನೆ. ಕೊಂದವನೇ ಅವನನ್ನು ಎತ್ತಿಕೊಂಡು ಹೊಳೆ ದಾಟಿ ಗೋಳಿಡುತ್ತಾನೆ. ಕಟ್ಟಕಡೆಗೆ ಹೋರಿಗಳೆರಡೂ ಹೋರಾಡುತ್ತವೆ. ಬಿಳಿಗೊಂಬಿನದು ಸೋತು ಸಾಯುತ್ತದೆ; ಕಂದು ಹೋರಿ ಗೆದ್ದು ಸಾಯುತ್ತದೆ. ಯಾವುದಕ್ಕಾಗಿ ಇಷ್ಟು ಜನ ಅಳಿದರೋ ಅದೇ ಉಳಿಯುವುದಿಲ್ಲ.

ಕೂಹುಲಿನ್ನನ ಅತಿಮಾನುಷ ಪರಾಕ್ರಮದ ವರ್ಣನೆಗಳೂ ಓದುಗನನ್ನು ಸೆಳೆಯುತ್ತವೆ. ಆ ಮಟ್ಟಿಗೆ ಲ್ಯಾಟಿನ್ ಟಿಪ್ಪಣಿಯ ಎಚ್ಚರಿಕೆ ಯುಕ್ತವೇ. ಆದರೆ ನಮ್ಮ ಸುಖವು ಕೇವಲ ರಕ್ತಪಾತದ್ದಾಗಿದ್ದರೆ ಮನಸ್ಸು ಗೆಲುವಿನ ಗಳಿಗೆಯಲ್ಲಿಯೇ ತಣಿಯಬೇಕಿತ್ತು. ಅದು ತಣಿಯುವುದಿಲ್ಲ, ಮದ್ದು ಹೊಳೆ ದಾಟಿ ಬಂದ ಆ ಇರುಳಿಗೆ ಮರಳಿ ಮರಳಿ ಹೋಗುತ್ತದೆ. ವೈರದ ನಡುವೆಯೂ ಕರುಣೆಯನ್ನು ಗುರುತಿಸಬಲ್ಲ ಓದು ಮೂಢರದಲ್ಲ. ಅದು ವಿವೇಕದ ಅಭ್ಯಾಸ.