ಚೊಂಬಿನೊಳಗಿನ ಚಕ್ರವರ್ತಿನಿ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯ ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಒಂದು ರೂಪಾಯಿಗೆ ಹುಣಸೆಹಣ್ಣಿನ ಸ್ನಾನವಾಗುತ್ತಿತ್ತು. ಅಜ್ಜಿಯ ಬಾಯಲ್ಲಿ ಅದು ‘ರಾಣಿ ರೂಪಾಯಿ’. ಸರಿಯಾಗಿ ಒಂದು ತೊಲ ತೂಕದ ಬೆಳ್ಳಿ ನಾಣ್ಯ, ಇಸವಿ 1885, ಒಂದು ಬದಿಗೆ ಹೂಬಳ್ಳಿ, ಇನ್ನೊಂದು ಬದಿಗೆ ಎಡಕ್ಕೆ ಮುಖ ಮಾಡಿದ ಹೆಂಗಸು. ತಲೆಯ ಮೇಲೆ ಕಿರೀಟ, ಎದೆಯ ತುಂಬ ಕಸೂತಿ. ಅಡಿಕೆ ಕೇಣಿಯ ದುಡ್ಡು ಕೈಗೆ ಬಂದ ದಿನವೂ ಆ ಹೆಂಗಸಿಗೆ ಒಂದು ಚಿಟಿಕೆ ಕುಂಕುಮ. ಅವಳು ಯಾರೆಂದು ಅಜ್ಜಿ ಕೇಳಿದವಳಲ್ಲ. ಕಿರೀಟ ಇದೆ, ಒಡವೆ ಇದೆ, ಬೆಳ್ಳಿಯಲ್ಲಿದ್ದಾಳೆ. ಇನ್ನೇನು ಬೇಕು?

ಯುರೋಪಿನ ರಾಜಭಾವಚಿತ್ರ ಪರಂಪರೆಯನ್ನು ಅಳೆಯಲು ನನಗೆ ಸಿಕ್ಕಿರುವ ಅತ್ಯುತ್ತಮ ಮಾನದಂಡ ಅಜ್ಜಿಯ ಈ ಕೇಳದಿರುವಿಕೆಯೇ. ಆ ಪರಂಪರೆ ಬಯಸಿದ್ದೂ ಇದನ್ನೇ: ನೋಡುವವರು ಮುಖವನ್ನು ಕೇಳಬಾರದು, ಉಡುಪನ್ನು ಕಂಡು ಕೈಮುಗಿಯಬೇಕು.

ಈ ವಿದ್ಯೆಯಲ್ಲಿ ಪಳಗಿದ ಕೈ ಫ್ರಾನ್ಸ್ ಕ್ಸೇವರ್ ವಿಂಟರ್‌ಹಾಲ್ಟರ್‌ನದು. 19ನೇ ಶತಮಾನದ ನಡುವಿನಲ್ಲಿ ಯುರೋಪಿನ ಅರಮನೆಗಳೆಲ್ಲ ಅವನನ್ನು ಕರೆಸಿಕೊಂಡವು. 1855ರಲ್ಲಿ ಫ್ರಾನ್ಸಿನ ಚಕ್ರವರ್ತಿನಿ ಯೂಜಿನಿಯನ್ನು ಸಖಿಯರ ನಡುವೆ ಕೂರಿಸಿ ಬರೆದ. 1865ರಲ್ಲಿ ಆಸ್ಟ್ರಿಯಾದ ಚಕ್ರವರ್ತಿನಿ ಎಲಿಜಬೆತ್‌ಳ ಜಡೆಯಲ್ಲಿ ವಜ್ರದ ನಕ್ಷತ್ರಗಳನ್ನು ಮುಡಿಸಿದ. ಅವನನ್ನು ಬರೀ ಬಟ್ಟೆಯ ಚಿತ್ರಕಾರ ಎಂದು ಹೀಗಳೆದವರುಂಟು. ಆ ಮಾತನ್ನು ನಾನು ಹೊಗಳಿಕೆಯಾಗಿಯೇ ಓದುತ್ತೇನೆ. ಎಲಿಜಬೆತ್‌ಳ ಚಿತ್ರದಲ್ಲಿ ಮುಖಕ್ಕಿಂತ ಹೆಚ್ಚು ಉಸಿರಾಡುವುದು ಆ ತೆಳುಬಿಳಿ ಬಟ್ಟೆಯ ರಾಶಿ. ಅವನಿಗೆ ಚಕ್ರವರ್ತಿನಿ ಒಬ್ಬ ವ್ಯಕ್ತಿಯಲ್ಲ, ಒಂದು ಪದವಿ. ಪದವಿಗೆ ಮೈಯಿಲ್ಲ, ವಸ್ತ್ರವಷ್ಟೇ ಇದೆ.

ಆದರೆ ವಸ್ತ್ರ ಮುಚ್ಚಿಡುವುದೂ ಉಂಟು. 1854ರಲ್ಲಿ ಅದೇ ವಿಂಟರ್‌ಹಾಲ್ಟರ್ ಪಂಜಾಬಿನ ಪದಚ್ಯುತ ಹುಡುಗ ದುಲೀಪ್ ಸಿಂಗನನ್ನು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ನಿಲ್ಲಿಸಿ ಬರೆದ. ಮುತ್ತಿನ ಸರ, ಪೇಟ, ಖಡ್ಗ, ಒಂದಕ್ಕೂ ಕೊರತೆಯಿಲ್ಲ, ರಾಜ್ಯವೊಂದು ಬಿಟ್ಟು. ಎರಡು ವರ್ಷಕ್ಕೆ, 1856ರಲ್ಲಿ, ಅದೇ ಕುಂಚ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳನ್ನು ಬರೆದಾಗ ಹುಡುಗನಿಂದ ಕಿತ್ತುಕೊಂಡ ಕೊಹಿನೂರು ಅವಳ ಎದೆಯ ಮೇಲಿತ್ತು. ಎರಡೂ ಚಿತ್ರ ಅಷ್ಟೇ ಚೆಲುವು, ಅಷ್ಟೇ ಪ್ರಶಾಂತ. ಈ ಶಾಲೆಯ ಮೇಲೆ ನನಗಿರುವ ದೊಡ್ಡ ತಕರಾರು ಈ ಪ್ರಶಾಂತತೆಯೇ. ದೋಚಿದ್ದನ್ನೂ ದೋಚಿಸಿಕೊಂಡದ್ದನ್ನೂ ಒಂದೇ ನುಣುಪಿನಲ್ಲಿ ತೋರಿಸುವ ಕೈಗೆ ನಾಚಿಕೆಯೆಂಬುದು ತಿಳಿಯದು.

1861ರ ಡಿಸೆಂಬರಿನಲ್ಲಿ ಗಂಡ ತೀರಿಕೊಂಡ ಮೇಲೆ ವಿಕ್ಟೋರಿಯಾ ಬಣ್ಣ ಬಿಟ್ಟಳು. ಮುಂದಿನ ಸುಮಾರು ನಲವತ್ತು ವರ್ಷ ಕಪ್ಪೇ ಉಡುಪು, ಬಿಳಿ ಟೋಪಿ, ಮುಸುಕು. ದೊಡ್ಡ ಕಿರೀಟ ಮುಸುಕಿನ ಮೇಲೆ ಕೂರದೆಂದು 1870ರಲ್ಲಿ ಅಂಗೈಯಲ್ಲಿ ಹಿಡಿಸುವಂಥ ವಜ್ರದ ಕಿರೀಟ ಮಾಡಿಸಿಕೊಂಡಳು. ಅವಳು ಭಾರತದ ಚಕ್ರವರ್ತಿನಿ ಎಂದು ದೆಹಲಿಯಲ್ಲಿ ಸಾರಿದ್ದು 1877ರ ಜನವರಿ 1ರಂದು, ಅಂದರೆ ಆಕೆ ವಿಧವೆಯಾಗಿ ಹದಿನೈದು ವರ್ಷವಾದ ಮೇಲೆ. ಈ ಕಡೆ ಕಾಲಿಡದೆಯೇ 1901ರಲ್ಲಿ ತೀರಿಕೊಂಡಳು.

ಈಗ ನಮ್ಮ ರೂಪಾಯಿ ನೋಡಿ, ಅದರ ಮೇಲಿನ ಹೆಂಗಸು ಇವಳೇ. ಇಂಗ್ಲೆಂಡಿನ ನಾಣ್ಯಗಳಲ್ಲಿ ರಾಣಿಯ ಮುಖ 1887ರಲ್ಲಿ ಬದಲಾಗಿ ಮುಸುಕು ಬಂತು, 1893ರಲ್ಲಿ ಮತ್ತೆ ಬದಲಾಯಿತು. ನಮ್ಮ ರೂಪಾಯಿಯಲ್ಲಿ ಕೊನೆಯ ತನಕ ಮುಸುಕಿಲ್ಲ, ಸುಕ್ಕಿಲ್ಲ. 1877ರಿಂದ ‘ಕ್ವೀನ್’ ಹೋಗಿ ‘ಎಂಪ್ರೆಸ್’ ಬಂತು, ಅಷ್ಟೇ. ವಯಸ್ಸಾಗುವ ಹಕ್ಕು ಲಂಡನ್ನಿನಲ್ಲಿ ಇತ್ತು, ಉಬ್ರಾಣಿಯಲ್ಲಿ ಇರಲಿಲ್ಲ. ಅದು ಅಜ್ಜಿಗೆ ಒಳ್ಳೆಯದೇ ಆಯಿತು. ಕಪ್ಪುಡುಪಿನ ಮುದುಕಿಗೆ ಅವಳು ಕುಂಕುಮ ಇಡುತ್ತಿದ್ದಳೆ? ನಾಣ್ಯ ಸಂಗ್ರಹಿಸುವವರು ಈ ರೂಪಾಯಿಯ ಅಚ್ಚುಗಳನ್ನು ಬೇರ್ಪಡಿಸುವುದು ಮುಖ ನೋಡಿಯಲ್ಲ, ಭೂತಗನ್ನಡಿ ಹಿಡಿದು ಉಡುಪಿನ ಮುಂಪಟ್ಟಿಯ ಕಸೂತಿ ಮನೆಗಳನ್ನು ಎಣಿಸಿ. ವಿಂಟರ್‌ಹಾಲ್ಟರ್ ಕೇಳಿದ್ದರೆ ಖುಷಿಪಡುತ್ತಿದ್ದ.

ಬೆಂಗಳೂರಿನ ಕಬ್ಬನ್ ಪಾರ್ಕಿನಂಚಿನಲ್ಲಿ ಥಾಮಸ್ ಬ್ರಾಕ್ ಕಡೆದ ಅಮೃತಶಿಲೆಯ ವಿಕ್ಟೋರಿಯಾ ಇದ್ದಾಳೆ, 1906ರಿಂದ. ಅಲ್ಲಿ ಮಡಿಕೆ ಮಡಿಕೆಯಾಗಿ ಇಳಿದ ಭಾರದ ನಿಲುವಂಗಿ. ನನಗದು ಹಿಡಿಸುವುದಿಲ್ಲ. ಐದಡಿಯಷ್ಟೇ ಇದ್ದ ಹೆಂಗಸನ್ನು ಕಲ್ಲಿನಲ್ಲಿ ಬೆಳೆಸುವಾಗ ಬಟ್ಟೆ ಹೊರೆಯಾಗಿಬಿಟ್ಟಿದೆ. ಅಂಗೈಯೊಳಗಿನ ಬೆಳ್ಳಿಯಲ್ಲಿ ಆದ ಕೆಲಸ ಅಲ್ಲಿ ಆಗಿಲ್ಲ.

ಮೈಸೂರಿನ ಚಿತ್ರಗಾರರಿಗೂ ಈ ವಿದ್ಯೆ ಗೊತ್ತಿತ್ತು. ಸಾಂಪ್ರದಾಯಿಕ ಶೈಲಿಯಲ್ಲಿ ಒಡವೆಯನ್ನು ಬರೆಯುವುದಿಲ್ಲ, ಸಫೇದದ ಮುದ್ದೆಯಿಂದ ಎಬ್ಬಿಸಿ ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ಬೆರಳಾಡಿಸಿದರೆ ವಡ್ಯಾಣ ಕೈಗೆ ತಾಗುತ್ತದೆ, ಮುಖ ಮಾತ್ರ ಸಮತಟ್ಟು. ಚಿತ್ರಕಾರ ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರದಲ್ಲಿ ಮಾತ್ರ ಬೇರೆ ಥರ. ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಅದು ಸಿಡುಬಿನ ಲಸಿಕೆ ಚುಚ್ಚಿದ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಉಡುಪು ಪಕ್ಕಕ್ಕೆ ಸರಿದು ಮೈ ಮಾತಾಡಿದ ಅಪರೂಪದ ಗಳಿಗೆ ಅದು. ವಿಂಟರ್‌ಹಾಲ್ಟರನ ಯಾವ ರಾಣಿಯೂ ಅಷ್ಟು ದೂರ ಬಂದಿಲ್ಲ.

(ನಮ್ಮ ಚನ್ನಗಿರಿಗೆ ಹೆಸರು ಕೊಟ್ಟ ಕೆಳದಿ ಚೆನ್ನಮ್ಮಾಜಿ ಸುಮಾರು ಕಾಲು ಶತಮಾನ ಆಳಿದಳು. ನಾನು ಕಂಡ ಅವಳ ಚಿತ್ರಗಳೆಲ್ಲ ಕ್ಯಾಲೆಂಡರ್ ಕಾಲದವು: ಕುದುರೆ, ಕತ್ತಿ, ಪಕ್ಕಾ ನಾಟಕದ ಸೀರೆ.)

ಹಬ್ಬದ ದಿನ ಬೆಳಗಿನ ಜಾವ ಅಜ್ಜಿ ಚೊಂಬಿಗೆ ಅಕ್ಕಿ ಸುರಿದು, ಅದರೊಳಕ್ಕೆ ರಾಣಿ ರೂಪಾಯಿ ಇಳಿಬಿಟ್ಟು, ಮಾವಿನೆಲೆ, ತೆಂಗಿನಕಾಯಿ ಇಡುತ್ತಿದ್ದಳು. ಮೇಲೆ ಬೆಳ್ಳಿ ಮುಖ. ಆಮೇಲೆ ಒಂದು ಗಂಟೆ ನೆರಿಗೆ ಹಿಡಿಯುವ ಕೆಲಸ. ಕಡ್ಡಿ ಕಟ್ಟಿ, ಪಿನ್ನು ಚುಚ್ಚಿ, ಹಸಿರು ಸೀರೆಯ ಅಂಚು ಒಂದರ ಮೇಲೊಂದು ಕೂರುವ ತನಕ ಬಿಚ್ಚಿ ಬಿಚ್ಚಿ ಉಡಿಸುತ್ತಿದ್ದಳು. ಕೊನೆಯ ನೆರಿಗೆ ಕೂತಾಗ ಚೊಂಬು ಹೋಗಿ ಲಕ್ಷ್ಮಿ ಬಂದಿರುತ್ತಿದ್ದಳು.

ಆ ರೂಪಾಯಿ ಈಗ ನನ್ನ ಹತ್ತಿರ ಇದೆ. ಹುಣಸೆಹಣ್ಣು, ಬೂದಿ, ಅಜ್ಜಿಯ ಹೆಬ್ಬೆರಳು ಸೇರಿ ಮೂಗು, ಕೆನ್ನೆ ಸವೆದುಹೋಗಿವೆ. ಕಸೂತಿಯ ಮನೆಗಳನ್ನು ಇನ್ನೂ ಎಣಿಸಬಹುದು.